ಕೆ-ಸೆಟ್ ಇದ್ದವರಿಗೆ ಪೆರಿಯದಲ್ಲಿ ಯಾವ ಹುದ್ದೆ ಆಗ್ತದೆ? ಜೆಆರ್‌ಎಫ್, ಪ್ರಾಜೆಕ್ಟ್ ಅಸೋಸಿಯೇಟ್, ಗೆಸ್ಟ್ ಎಲ್ಲ ಗೊಂದಲ

ಮುಳ್ಳೇರಿಯ ಮಳೆ
ಎಲ್ಲರಿಗೂ ನಮಸ್ಕಾರ. ಕೊಣಾಜೆಯಲ್ಲಿ (ಮಂಗಳೂರು ವಿಶ್ವವಿದ್ಯಾಲಯ) ಎಂ.ಎಸ್ಸಿ. ಬಾಟನಿ, ಶೇ. 68. ಕೆ-ಸೆಟ್ (ಕರ್ನಾಟಕದ ಅಧ್ಯಾಪಕ ಅರ್ಹತಾ ಪರೀಕ್ಷೆ) ಲೈಫ್ ಸೈನ್ಸ್ ಪಾಸ್, ರಾಷ್ಟ್ರಮಟ್ಟದ ನೆಟ್ ಆಗಿಲ್ಲ. ಊರು ಕಾಸರಗೋಡು ತಾಲೂಕೇ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕಣ್ಣೂರು ವಿಶ್ವವಿದ್ಯಾಲಯ, ಸಿಪಿಸಿಆರ್‌ಐ (ಕೇಂದ್ರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಹೀಗೆ ಹತ್ತಿರದ ಕಡೆ ಹುದ್ದೆ ಕರೆಯುವಾಗ ಒಂದೊಂದರಲ್ಲಿ ಒಂದೊಂದು ಹೆಸರು: ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ), ಪ್ರಾಜೆಕ್ಟ್ ಅಸೋಸಿಯೇಟ್, ಯಂಗ್ ಪ್ರೊಫೆಷನಲ್, ಗೆಸ್ಟ್ ಫ್ಯಾಕಲ್ಟಿ. ಇದರಲ್ಲಿ ನನಗೆ ಆಗುವಂಥದ್ದು ಯಾವುದು? ಕೆ-ಸೆಟ್ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿದ ಪರೀಕ್ಷೆಯೇ ಅಲ್ವಾ? ಮತ್ತೆ ವಿಲೇಜ್ ಆಫೀಸಿನಿಂದ ತೆಗೆದ ಒಬಿಸಿ ನಾನ್ ಕ್ರೀಮಿ ಲೇಯರ್ (ಹಿಂದುಳಿದ ವರ್ಗದ ಮೇಲ್ಪದರಕ್ಕೆ ಸೇರದವರು ಅನ್ನುವ) ಸರ್ಟಿಫಿಕೇಟು ಉಂಟು, ಅದು ಸಾಕಾ?

ಚೆರ್ಕಳ ಸರ್ಕಲ್
ಕೆ-ಸೆಟ್ಟೂ ಸಾಲದು, ಸರ್ಟಿಫಿಕೇಟೂ ಸಾಲದು. ವಿವರ ನೀರ್ಚಾಲಿನವರು ಹೇಳ್ತಾರೆ.

ನೀರ್ಚಾಲು ಲೈಬ್ರರಿ
ಹೇಳ್ತೇನೆ. ಕೆ-ಸೆಟ್ ಯುಜಿಸಿ ಒಪ್ಪಿದ ಪರೀಕ್ಷೆ ಹೌದು. ಆದರೆ ಯುಜಿಸಿಯ 2018ರ ನಿಯಮಾವಳಿಯಲ್ಲೇ ಒಂದು ಗೆರೆ ಎಳೆದಿದ್ದಾರೆ: ಸೆಟ್ ಅಥವಾ ಸ್ಲೆಟ್ (ಎರಡೂ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ) ಪಾಸಾದವರಿಗೆ ಆಯಾ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಮಾತ್ರ ಅರ್ಹತೆ. 2002 ಜೂನ್ 1ಕ್ಕಿಂತ ಮೊದಲಿನ ಸೆಟ್ ಆಗಿದ್ದರೆ ದೇಶದಲ್ಲಿ ಎಲ್ಲಿಗೂ ಆಗ್ತಿತ್ತು, ಆಮೇಲಿನದ್ದಕ್ಕೆ ಇಲ್ಲ. ಹಾಗಾಗಿ ನಿಮ್ಮ ಕೆ-ಸೆಟ್ ತಲಪಾಡಿ ಗೇಟಿನ ಆಚೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಪೂರ್ತಿ ಅರ್ಹತೆ, ಈಚೆ ಪೆರಿಯದಲ್ಲಾಗಲಿ ಕಣ್ಣೂರಿನಲ್ಲಾಗಲಿ ಲೆಕ್ಕಕ್ಕಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯ ಅಂದರೆ ಎಲ್ಲ ರಾಜ್ಯದ ಸೆಟ್ ನಡೆಯುತ್ತದೆ ಅಂತ ಕೆಲವರು ತಿಳಿದುಕೊಂಡಿದ್ದಾರೆ, ಅದು ತಪ್ಪು. ಹಣ ಯಾರದ್ದು ಅನ್ನುವುದು ಪ್ರಶ್ನೆಯಲ್ಲ, ಸಂಸ್ಥೆ ಯಾವ ರಾಜ್ಯದ ನೆಲದಲ್ಲಿ ಉಂಟು ಅನ್ನುವುದು.

ಪೊಸಡಿ ಗುಂಪೆ
ಕೇರಳದಲ್ಲೂ ಸೆಟ್ ನಡೆಯುತ್ತದಲ್ಲ? ಅದನ್ನು ಬರೆದರೆ ಆಯ್ತು. ವರ್ಷವರ್ಷ ಅರ್ಜಿ ಕರೀತಾರೆ.

ನೀರ್ಚಾಲು ಲೈಬ್ರರಿ
ಇಲ್ಲೇ ಎಲ್ಲರೂ ಬೀಳುವುದು! ಕೇರಳದ ಸೆಟ್ ಹೈಯರ್ ಸೆಕೆಂಡರಿ ಅಧ್ಯಾಪಕರಿಗೆ. ನಡೆಸುವುದು ತಿರುವನಂತಪುರದ ಎಲ್‌ಬಿಎಸ್ ಸೆಂಟರ್, ಸ್ನಾತಕೋತ್ತರ ಪದವಿಯ ಜೊತೆ ಬಿ.ಎಡ್. ಕೇಳ್ತಾರೆ. ಪ್ಲಸ್ ಟು ಮಾಷ್ಟ್ರಾಗಲಿಕ್ಕೆ ಅದು ಬೇಕು, ಕಾಲೇಜಿಗೆ ಅದು ಉಪಯೋಗವಿಲ್ಲ. ಕರ್ನಾಟಕದ ಕೆ-ಸೆಟ್ ಕಾಲೇಜು, ವಿಶ್ವವಿದ್ಯಾಲಯಕ್ಕೆ. ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸ್ತಿತ್ತು, ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಹೆಸರು ಒಂದೇ, ಎರಡು ಬೇರೆ ಬೇರೆ ಜಾತಿಯ ಪ್ರಾಣಿ.

ಕುಂಬಳೆ ಸೀಮೆ
ನಮ್ಮ ಹಣೆಬರಹವೇ ಇದು. ಕೆಪಿಎಸ್‌ಸಿ ಅಂದರೂ ಎರಡು, ಕೆಎಸ್‌ಆರ್‌ಟಿಸಿ ಅಂದರೂ ಎರಡು. ಬಸ್ಸಾದರೆ ಬಣ್ಣ ನೋಡಿ ಹತ್ತಬಹುದು, ಪರೀಕ್ಷೆಗೆ ಬಣ್ಣ ಇಲ್ಲ.

ಚೆರ್ಕಳ ಸರ್ಕಲ್
ಕೆಎಸ್‌ಆರ್‌ಟಿಸಿ ಅನ್ನುವ ಹೆಸರಿಗೆ ಎರಡು ರಾಜ್ಯ ಕೋರ್ಟಿಗೂ ಹೋಗಿದ್ದಾಯ್ತು. 2023 ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿ ವಜಾ ಮಾಡಿತು, ಈಗ ಇಬ್ಬರೂ ಅದೇ ಹೆಸರಲ್ಲಿ ಓಡಿಸ್ತಾರೆ. ಸೆಟ್ಟಿಗೆ ಹಾಗೆ ಯಾರೂ ಜಗಳ ಮಾಡುವುದಿಲ್ಲ, ಅದೇ ಬೇಜಾರು.

ಬೇಳ ಬಾಟನಿ
ವಿಷಯಕ್ಕೆ ಬನ್ನಿ ಮಾರಾಯ್ರೆ. ಮುಳ್ಳೇರಿಯದವರೇ, ನೀವು ಕೇಳಿದ್ದು ಮುಖ್ಯವಾಗಿ ಪ್ರಾಜೆಕ್ಟ್ ಹುದ್ದೆ. ಅದಕ್ಕೆ ಅಧ್ಯಾಪಕ ಹುದ್ದೆಯ ನಿಯಮ ಅಲ್ಲ, ಹಣ ಕೊಡುವ ಸಂಸ್ಥೆಯ ನಿಯಮ. ಡಿಎಸ್‌ಟಿ (ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ಆದೇಶವನ್ನೇ ಹೆಚ್ಚಿನ ಕಡೆ ಅನುಸರಿಸ್ತಾರೆ.

ಜೆಆರ್‌ಎಫ್: ಸಿಎಸ್‌ಐಆರ್-ಯುಜಿಸಿ ನೆಟ್ (ಲೆಕ್ಚರರ್‌ಶಿಪ್ ಮಾತ್ರ ಆದವರೂ ಸೇರಿ) ಅಥವಾ ಗೇಟ್ ಪರೀಕ್ಷೆ, ಇಲ್ಲವೇ ಕೇಂದ್ರ ಸರ್ಕಾರದ ಇಲಾಖೆಗಳು ನಡೆಸುವ ರಾಷ್ಟ್ರಮಟ್ಟದ ಪರೀಕ್ಷೆ. ಸೆಟ್ ಈ ಪಟ್ಟಿಯಲ್ಲಿಲ್ಲ. 2023 ಜನವರಿ 1ರಿಂದ ತಿಂಗಳಿಗೆ 37,000, ಎರಡು ವರ್ಷ ಆದ ಮೇಲೆ ಮೌಲ್ಯಮಾಪನ ಮಾಡಿ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆದರೆ 42,000. ಮೇಲೆ ಮನೆ ಬಾಡಿಗೆ ಭತ್ಯೆ.

ಪ್ರಾಜೆಕ್ಟ್ ಅಸೋಸಿಯೇಟ್-1: ಇದಕ್ಕೆ ಸ್ನಾತಕೋತ್ತರ ಪದವಿ ಸಾಕು. ಆದರೆ ಸಂಬಳ ಎರಡು ಥರ. 2020ರ ಆದೇಶದಲ್ಲಿ ನೆಟ್, ಗೇಟ್ ಇದ್ದವರಿಗೆ 31,000, ಇಲ್ಲದವರಿಗೆ 25,000. ಅಂದರೆ ನೀವು ಹಾಕಬಹುದು, ಎರಡನೇ ದರದಲ್ಲಿ. ಪ್ರಾಜೆಕ್ಟ್ ಯಾವ ವರ್ಷ ಮಂಜೂರಾದದ್ದು ಎಂಬುದರ ಮೇಲೆ ಮೊತ್ತ ಹೆಚ್ಚುಕಮ್ಮಿ ಆಗ್ತದೆ, ಹಾಗಾಗಿ ಜಾಹೀರಾತಿನಲ್ಲಿ ಬರೆದದ್ದೇ ಕೊನೆ ಮಾತು.

ಕೆ-ಸೆಟ್ಟನ್ನು ಬಯೋಡಾಟಾದಲ್ಲಿ ಬರೆಯಿರಿ, ಅದರಿಂದ ನಷ್ಟ ಇಲ್ಲ. ಆದರೆ ಅರ್ಜಿಯ "ನೆಟ್ ಅರ್ಹತೆ" ಕಾಲಮಿನಲ್ಲಿ ಹೌದು ಅಂತ ಟಿಕ್ ಹಾಕಬೇಡಿ. ದಾಖಲೆ ನೋಡುವಾಗ ಸುಳ್ಳು ಮಾಹಿತಿ ಅಂತ ಲೆಕ್ಕ ಆಗ್ತದೆ, ಅಸೋಸಿಯೇಟ್ ಹುದ್ದೆಯೂ ಕೈಬಿಡ್ತದೆ.

ಅಡೂರು ಎಕ್ಸ್‌ಪ್ರೆಸ್
ಮನೆ ಬಾಡಿಗೆ ಭತ್ಯೆ ಎಷ್ಟು? ಒಂದು ಕಡೆ 8 ಅಂತ ಬರೀತಾರೆ, ಇನ್ನೊಂದು ಕಡೆ 10.

ಬೇಳ ಬಾಟನಿ
ಊರಿನ ವರ್ಗ ನೋಡಿ. ಕೇಂದ್ರದ ತುಟ್ಟಿಭತ್ಯೆ ಶೇ. 50 ಮುಟ್ಟಿದ ಮೇಲೆ, ಅಂದರೆ 2024ರಿಂದ, ಎಕ್ಸ್, ವೈ, ಝಡ್ ಊರುಗಳಿಗೆ ಕ್ರಮವಾಗಿ ಶೇ. 30, 20, 10. ಮಂಗಳೂರು, ಕಣ್ಣೂರು ಎರಡೂ ವೈ. ಕಾಸರಗೋಡು, ಪೆರಿಯ ಝಡ್. ಹಾಗಾಗಿ ಅದೇ 37,000ಕ್ಕೆ ಕಣ್ಣೂರಿನಲ್ಲಿ 7,400 ಬಂದರೆ ಇಲ್ಲಿ 3,700. ಹಳೇ ಮಂಜೂರಾತಿಯಲ್ಲಿ ಬಜೆಟ್ ಹಾಕುವಾಗ ಹಳೇ ದರವೇ ಇದ್ದರೆ 8 ಅಥವಾ 9 ಅಂತ ಕಾಣ್ತದೆ. ಹಾಸ್ಟೆಲಿನಲ್ಲಿ ಕೂತರೆ ಭತ್ಯೆ ಇಲ್ಲ.

ಪೊಸಡಿ ಗುಂಪೆ
ಮತ್ತೆ ಜೆಆರ್‌ಎಫ್ ಸಿಕ್ಕಿದರೆ ಪಿಎಚ್‌ಡಿ ಸೀಟೂ ಸಿಕ್ಕಿದ ಹಾಗೆ ಅಲ್ವಾ.

ನೀರ್ಚಾಲು ಲೈಬ್ರರಿ
ಅಲ್ಲ! ಪ್ರಾಜೆಕ್ಟಿನ ಜೆಆರ್‌ಎಫ್ ಅಂದರೆ ಕೆಲಸ, ಪ್ರಾಜೆಕ್ಟ್ ಮುಗಿದ ದಿನ ಮುಗೀತು. ಪಿಎಚ್‌ಡಿಗೆ ವಿಶ್ವವಿದ್ಯಾಲಯದ ಪ್ರವೇಶ ಪ್ರಕ್ರಿಯೆ ಬೇರೆಯೇ. 2024 ಜೂನಿನಿಂದ ನೆಟ್ ಫಲಿತಾಂಶ ಮೂರು ವರ್ಗದಲ್ಲಿ ಬರ್ತದೆ: ಜೆಆರ್‌ಎಫ್ ಜೊತೆ ಅಸಿಸ್ಟೆಂಟ್ ಪ್ರೊಫೆಸರ್, ಅಸಿಸ್ಟೆಂಟ್ ಪ್ರೊಫೆಸರ್ ಜೊತೆ ಪಿಎಚ್‌ಡಿ ಪ್ರವೇಶ, ಬರೀ ಪಿಎಚ್‌ಡಿ ಪ್ರವೇಶ. ಎರಡು, ಮೂರನೇ ವರ್ಗದವರಿಗೆ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30 ತೂಕ, ಪ್ರವೇಶದ ಮಟ್ಟಿಗೆ ಆ ಅಂಕಕ್ಕೆ ಒಂದು ವರ್ಷ ಮಾತ್ರ ಬೆಲೆ. ಹಾಗಾಗಿ ಪ್ರಾಜೆಕ್ಟಿಗೆ ಸೇರುವ ಮೊದಲೇ ಮಾರ್ಗದರ್ಶಕರ ಹತ್ತಿರ ನೇರ ಕೇಳಿ: ನಿಮ್ಮ ಕೆಳಗೆ ಪಿಎಚ್‌ಡಿ ಸೀಟು ಖಾಲಿ ಉಂಟಾ, ಈ ಕೆಲಸದ ಡಾಟಾ ಪ್ರಬಂಧಕ್ಕೆ ಬಳಸಬಹುದಾ? ಎರಡಕ್ಕೂ ಇಲ್ಲ ಅಂದರೆ ಮೂರು ವರ್ಷ ದುಡಿದು ಹೊರಗೆ ಬರುವಾಗ ಕೈಯಲ್ಲಿ ಅನುಭವ ಪತ್ರ ಮಾತ್ರ.

ಮುಳ್ಳೇರಿಯದವರೇ, ನೆಟ್ ಬರೆಯುವುದನ್ನು ಬಿಡಬೇಡಿ. ಕೆ-ಸೆಟ್ ಆದವರಿಗೆ ಸಿಲಬಸ್ ಹೆಚ್ಚು ಹೊಸತಲ್ಲ.

ಕೂಡ್ಲು ತೆಂಗು
ಸಿಪಿಸಿಆರ್‌ಐ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ನಿಯಮ. ಯಂಗ್ ಪ್ರೊಫೆಷನಲ್-1ಕ್ಕೆ 30,000, 2ಕ್ಕೆ 42,000, ಒಟ್ಟು ಮೊತ್ತ, ಬಾಡಿಗೆ ಭತ್ಯೆ ಇಲ್ಲ. ವಯಸ್ಸು 21ರಿಂದ 45. ಎರಡನೆಯದಕ್ಕೆ ಸಾಮಾನ್ಯವಾಗಿ ಸ್ನಾತಕೋತ್ತರ ಕೇಳ್ತಾರೆ, ನೆಟ್ ಕಡ್ಡಾಯ ಅಲ್ಲ. 25,000ದ ಅಸೋಸಿಯೇಟ್ ಹುದ್ದೆಗಿಂತ ಇದು ಲಾಭ. ಬಾಟನಿಯವರು ವಿಷಯದ ಹೆಸರು ನೋಡಿ ಹಾಕಿ: ಜಾಹೀರಾತಿನಲ್ಲಿ ಪ್ಲಾಂಟ್ ಪೆಥಾಲಜಿ, ಹಾರ್ಟಿಕಲ್ಚರ್ ಅಂತ ಮಾತ್ರ ಇದ್ದು "ಅಥವಾ ಸಸ್ಯಶಾಸ್ತ್ರ" ಅಂತ ಇಲ್ಲದಿದ್ದರೆ ಬಾಗಿಲಲ್ಲೇ ವಾಪಸ್.

ಪಿಲಿಕೋಡು
ಪಿಲಿಕೋಡಿನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ, ಪಡನ್ನಕ್ಕಾಡು ಕೃಷಿ ಕಾಲೇಜು ಇವನ್ನೂ ನೋಡ್ತಾ ಇರಿ. ಅವು ಕೇರಳ ಕೃಷಿ ವಿಶ್ವವಿದ್ಯಾಲಯದ ಕೆಳಗೆ. ಪಿಲಿಕೋಡೂ ಕಾಸರಗೋಡಿನ ತೆಂಗಿನ ಕೇಂದ್ರವೂ ಶುರುವಾದದ್ದು ಒಂದೇ ವರ್ಷ, 1916, ಮದ್ರಾಸ್ ಸರ್ಕಾರದ ಕಾಲ. ಈಗ ಒಂದು ರಾಜ್ಯದ್ದು, ಒಂದು ಕೇಂದ್ರದ್ದು. ಅರ್ಜಿಯೂ ಬೇರೆ, ಮೀಸಲಾತಿ ಸರ್ಟಿಫಿಕೇಟೂ ಬೇರೆ.

ಚೆರ್ಕಳ ಸರ್ಕಲ್
ಹಾ, ಸರ್ಟಿಫಿಕೇಟಿನ ಮಾತು ಬಾಕಿ ಇತ್ತು.

ತಾಲೂಕು ಕಟ್ಟೆ
ಅದನ್ನು ನಾನು ಹೇಳ್ತೇನೆ, ಇದರಲ್ಲೇ ಹೆಚ್ಚು ಅರ್ಜಿ ಬೀಳುವುದು.

ಕೇರಳದಲ್ಲಿ ನಾನ್ ಕ್ರೀಮಿ ಲೇಯರ್ ಎರಡು ನಮೂನೆ. ರಾಜ್ಯದ ಉಪಯೋಗಕ್ಕೆ ವಿಲೇಜ್ ಆಫೀಸರ್ ಕೊಡ್ತಾರೆ. ಕೇಂದ್ರದ ಹುದ್ದೆಗೆ ತಹಶೀಲ್ದಾರರೇ ಸಹಿ ಹಾಕಬೇಕು, ಕೇಂದ್ರದ ನಮೂನೆಯಲ್ಲೇ. ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಇ-ಡಿಸ್ಟ್ರಿಕ್ಟ್ ಅರ್ಜಿ ಹಾಕುವಾಗ "ಉದ್ದೇಶ" ಅಂತ ಒಂದು ಕಡೆ ಕೇಳ್ತದೆ. ಅಲ್ಲಿ ಕೂತ ಹುಡುಗ ವಾಡಿಕೆಯಲ್ಲಿ ರಾಜ್ಯ ಅಂತ ಒತ್ತಿಬಿಡ್ತಾನೆ. ಸ್ಕ್ರೀನ್ ನಿಮ್ಮ ಕಡೆ ತಿರುಗಿಸಲಿಕ್ಕೆ ಹೇಳಿ, ನೋಡಿಯೇ ಸಬ್ಮಿಟ್ ಮಾಡಿಸಿ. ಜೊತೆಗೆ ತೆಗೆದುಕೊಂಡು ಹೋಗಬೇಕಾದ್ದು: ರೇಷನ್ ಕಾರ್ಡು, ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ, ನಿಮ್ಮ ಎಸ್‌ಎಸ್‌ಎಲ್‌ಸಿ ಬುಕ್ಕು, ತಂದೆ ಅಥವಾ ತಾಯಿಯ ಜಾತಿ ತೋರಿಸುವ ಶಾಲಾ ದಾಖಲೆ, ಆಧಾರ್.

ಎರಡನೆಯದು ತಾರೀಕು. ಬಹುಪಾಲು ಜಾಹೀರಾತಿನಲ್ಲಿ ಆ ಹಣಕಾಸು ವರ್ಷದ ಸರ್ಟಿಫಿಕೇಟೇ ಕೇಳ್ತಾರೆ. ಮಾರ್ಚ್ 28ಕ್ಕೆ ತೆಗೆದದ್ದು ಏಪ್ರಿಲ್ 5ಕ್ಕೆ ಹಳತಾಗಿರ್ತದೆ. ಏಪ್ರಿಲ್ ಮೊದಲ ವಾರ ತೆಗೆದಿಟ್ಟರೆ ವರ್ಷವಿಡೀ ತಲೆಬಿಸಿ ಇಲ್ಲ.

ಮೂರನೆಯದು ಪಟ್ಟಿ. ಕೇಂದ್ರದ ಒಬಿಸಿ ಪಟ್ಟಿ ರಾಜ್ಯವಾರು. ನಿಮ್ಮ ಸಮುದಾಯ ಕೇಂದ್ರದ ಪಟ್ಟಿಯ ಕೇರಳ ಭಾಗದಲ್ಲಿ ಉಂಟಾ ನೋಡಿ. ಕರ್ನಾಟಕದ ಭಾಗದಲ್ಲಿ ಇದ್ದು ಕೇರಳದ ಭಾಗದಲ್ಲಿ ಇಲ್ಲದಿದ್ದರೆ ಸಾಮಾನ್ಯ ವರ್ಗವೇ.

ವರ್ಕಾಡಿ ವನಜ
ಬಂಟ್ವಾಳದಿಂದ ಇಲ್ಲಿಗೆ ಮದುವೆಯಾಗಿ ಬಂದವರು ಎಲ್ಲಿಂದ ತೆಗೆಯಬೇಕು? ಗಂಡನ ಮನೆ ಮಂಜೇಶ್ವರ ತಾಲೂಕು.

ತಾಲೂಕು ಕಟ್ಟೆ
ಅಕ್ಕ, ಜಾತಿ ಹುಟ್ಟಿನಿಂದ, ಗಂಡನ ಕಡೆಯಿಂದ ಅಲ್ಲ. ತಂದೆಯ ಕಡೆಯ ಕರ್ನಾಟಕ ದಾಖಲೆಯೇ ಮೂಲ, ಬಂಟ್ವಾಳ ತಹಶೀಲ್ದಾರರಿಂದ ತೆಗೆಯುವುದು ಸಲೀಸು. ಕ್ರೀಮಿ ಲೇಯರ್ ನೋಡುವುದೂ ತಂದೆತಾಯಿಯ ಸ್ಥಿತಿ, ಗಂಡನ ಸಂಬಳ ಅಲ್ಲ. ಕೇಂದ್ರದ ಹುದ್ದೆಗೆ ಅದು ನಡೆಯುತ್ತದೆ. ಕೇರಳ ಸರ್ಕಾರದ ಹುದ್ದೆಗೆ ಕರ್ನಾಟಕದ ಜಾತಿ ಮೀಸಲಾತಿ ಸಿಗುವುದಿಲ್ಲ. ಅದರ ತಿರುಗಾ ಮುರುಗಾ, ನಮ್ಮವರು ಕೊಣಾಜೆ, ಮೈಸೂರಿಗೆ ಹಾಕುವಾಗ 2ಎ, 3ಬಿ ಕೇಳಲಿಕ್ಕೆ ಆಗದು, ಅಲ್ಲಿ ನಾವು ಜನರಲ್ ಮೆರಿಟ್.

ಕುಂಬಳೆ ಸೀಮೆ
ನಾನ್ ಕ್ರೀಮಿ ಲೇಯರಿಗೆ 8 ಲಕ್ಷ ಅಂತಾರಲ್ಲ, ಅಡಿಕೆ ರೇಟು ಈಗ ಇರುವ ಹಾಗೆ ಇದ್ದರೆ ನಮ್ಮ ಊರಲ್ಲಿ ಯಾರಿಗೂ ಸಿಗದು.

ತಾಲೂಕು ಕಟ್ಟೆ
ಅಡಿಕೆ ಮಾರಿದ ಹಣ ಮತ್ತು ಸಂಬಳ ಎರಡನ್ನೂ ಆ 8 ಲಕ್ಷಕ್ಕೆ ಕೂಡಿಸುವ ಹಾಗಿಲ್ಲ. 1993ರ ಕೇಂದ್ರದ ಆದೇಶವೇ ಹಾಗೆ. ಸಂಬಳದವರಿಗೆ ಹುದ್ದೆಯ ದರ್ಜೆ ನೋಡ್ತಾರೆ, ಕೃಷಿಯವರಿಗೆ ನೀರಾವರಿ ಜಮೀನು ಕಾನೂನಿನ ಜಮೀನು ಮಿತಿಯ ಶೇ. 85 ದಾಟಿದೆಯಾ ಅಂತ ನೋಡ್ತಾರೆ. ಕಾಫಿ, ಚಹಾ, ರಬ್ಬರಿನಂಥ ತೋಟಕ್ಕೆ ಆದಾಯದ ಲೆಕ್ಕವೇ.

ಪೊಸಡಿ ಗುಂಪೆ
ಅಂದರೆ ರಬ್ಬರ್ ಹಾಕಿದವ ಕೆಟ್ಟ, ಅಡಿಕೆ ಹಾಕಿದವ ಗೆದ್ದ.

ಅಡೂರು ಎಕ್ಸ್‌ಪ್ರೆಸ್
ಹಳದಿ ರೋಗ ಬಂದ ಮೇಲೆ ಗೆದ್ದವ ಯಾರು ಅಂತ ನೋಡುವ.

ತಾಲೂಕು ಕಟ್ಟೆ
ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಆದರೆ ತದ್ವಿರುದ್ಧ, ನೆನಪಿಡಿ. ಅಲ್ಲಿ ಕೃಷಿ, ಸಂಬಳ, ವ್ಯಾಪಾರ ಎಲ್ಲ ಸೇರಿ ಕೇಂದ್ರದ ಮಿತಿ 8 ಲಕ್ಷ, ಕೃಷಿ ಭೂಮಿ 5 ಎಕರೆ ಮುಟ್ಟಬಾರದು. ಕೇರಳದ್ದು ಇನ್ನೂ ಬಿಗಿ: 4 ಲಕ್ಷ, ಪಂಚಾಯತಿನಲ್ಲಿ ಎರಡೂವರೆ ಎಕರೆ. ರಾಜ್ಯದ ಇಡಬ್ಲ್ಯುಎಸ್ ಸಿಗದವರಿಗೆ ಕೇಂದ್ರದ್ದು ಸಿಗುವುದುಂಟು, ಸುಮ್ಮನೆ ಬಿಡಬೇಡಿ.

ಬದಿಯಡ್ಕ ಬ್ಲಾಗಣ್ಣ
ಹೆಸರಿನ ತೊಂದರೆ ಯಾರೂ ಬರೆಯಲಿಲ್ಲ. ಇಲ್ಲಿಯ ಎಸ್‌ಎಸ್‌ಎಲ್‌ಸಿಯಲ್ಲಿ ಹೆಸರಿನ ಹಿಂದೆ ಇನಿಶಿಯಲ್, ಕೊಣಾಜೆಯ ಅಂಕಪಟ್ಟಿಯಲ್ಲಿ ಮುಂದೆ, ಆಧಾರಿನಲ್ಲಿ ಬಿಡಿಸಿದ ಹೆಸರು. ಭಟ್ ಅಂತ ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ಟಿ, ಇನ್ನೊಂದು ಕಡೆ ಎರಡು ಟಿ. ಆನ್‌ಲೈನ್ ಅರ್ಜಿಯಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದ ಹಾಗೆ ಅಕ್ಷರ ತಪ್ಪದೆ ಹಾಕಿ. ಉಳಿದದ್ದಕ್ಕೆ ವಿಲೇಜ್ ಆಫೀಸಿನಿಂದ "ಇಬ್ಬರೂ ಒಬ್ಬರೇ" ಅನ್ನುವ ಸರ್ಟಿಫಿಕೇಟು ಸಿಗ್ತದೆ, ಅಕ್ಷಯದಲ್ಲಿ ವನ್ ಆ್ಯಂಡ್ ಸೇಮ್ ಅಂತ ಕೇಳಿ. ಹೆಸರಿನ ಯಾವ ಯಾವ ರೂಪ ಎಲ್ಲೆಲ್ಲಿ ಉಂಟೋ ಅಷ್ಟನ್ನೂ ಅರ್ಜಿಯಲ್ಲೇ ಬರೆಸಬೇಕು, ಒಂದು ಬಿಟ್ಟರೆ ಪುನಃ ಹೋಗಬೇಕು.

ಅಡೂರು ಎಕ್ಸ್‌ಪ್ರೆಸ್
ಖಾಯಂ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಶಾರ್ಟ್‌ಲಿಸ್ಟ್ ಹೇಗೆ ಮಾಡ್ತಾರೆ? ಪಿಎಚ್‌ಡಿ ಇಲ್ಲದವರನ್ನು ಕರೆಯುವುದೇ ಇಲ್ಲ ಅಂತ ಕೇಳಿದ್ದು.

ನೀರ್ಚಾಲು ಲೈಬ್ರರಿ
ಕರೆಯಬಾರದು ಅಂತ ನಿಯಮ ಇಲ್ಲ. 2023 ಜುಲೈ 1ರಿಂದ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ. ಆದರೆ ಅಂಕದ ಕೋಷ್ಟಕ ನೋಡಿದರೆ ಗೊತ್ತಾಗ್ತದೆ ಯಾಕೆ ಕರೆ ಬರುವುದಿಲ್ಲ ಅಂತ. 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾಲಯಕ್ಕೆ ಹೀಗೆ: ಪದವಿಗೆ ಗರಿಷ್ಠ 15, ಸ್ನಾತಕೋತ್ತರಕ್ಕೆ 25, ಪಿಎಚ್‌ಡಿಗೆ 30, ಜೆಆರ್‌ಎಫ್ ಸಹಿತ ನೆಟ್ಟಿಗೆ 7, ಬರೀ ನೆಟ್ಟಿಗೆ 5, ಸೆಟ್ಟಿಗೆ 3, ಲೇಖನಕ್ಕೆ ತಲಾ 2ರಂತೆ 10, ಬೋಧನೆಗೆ ವರ್ಷಕ್ಕೆ 2ರಂತೆ 10, ಪ್ರಶಸ್ತಿಗೆ 3.

ಈಗ ಲೆಕ್ಕ ಹಾಕಿ. ಪದವಿ ಶೇ. 72 ಆದರೆ 13. ಎಂ.ಎಸ್ಸಿ. 68 ಆದರೆ 23. ನೆಟ್ 5. ಒಂದು ಲೇಖನ 2. ಒಂದೂವರೆ ವರ್ಷ ಬೋಧನೆ 3. ಒಟ್ಟು 46. ಇದೇ ಅಂಕದವರ ಹತ್ತಿರ ಪಿಎಚ್‌ಡಿ ಇದ್ದರೆ 76. ಒಂದು ಹುದ್ದೆಗೆ ಇಷ್ಟೇ ಜನ ಅಂತ ಕರೆಯುವಾಗ 46 ಎಲ್ಲಿ ನಿಲ್ತದೆ? ಕಾಲೇಜಿನ ಕೋಷ್ಟಕ ಬೇರೆ, ಅಲ್ಲಿ ಪಿಎಚ್‌ಡಿಗೆ 25, ಜೆಆರ್‌ಎಫ್‌ಗೆ 10, ನೆಟ್ಟಿಗೆ 8, ಸೆಟ್ಟಿಗೆ 5, ಪದವಿಗೆ 21ರವರೆಗೆ. ನೆಟ್ ಮಾತ್ರ ಇದ್ದವರಿಗೆ ಕಾಲೇಜೇ ಹೆಚ್ಚು ಅನುಕೂಲ.

ಇನ್ನೊಂದು: ಈ ಅಂಕ ಒಳಗೆ ಕರೆಯಲಿಕ್ಕೆ ಮಾತ್ರ. ಆಯ್ಕೆ ಸಂದರ್ಶನದ ಮೇಲೆ. 76 ಇದ್ದವರು ಒಳಗೆ ಹೋದ ಮೇಲೆ 60ರವರೂ ಅವರೂ ಒಂದೇ ಗೆರೆಯಲ್ಲಿ.

ಬೇಳ ಬಾಟನಿ
ಲೇಖನದ ಬಗ್ಗೆ ಸೇರಿಸ್ತೇನೆ. ಯುಜಿಸಿ ಕೇರ್ ಪಟ್ಟಿ (ಯುಜಿಸಿ ಒಪ್ಪಿದ ಸಂಶೋಧನಾ ಪತ್ರಿಕೆಗಳ ಪಟ್ಟಿ) ನಿಲ್ಲಿಸಿದ್ದಾರೆ, 2025 ಫೆಬ್ರವರಿಯಲ್ಲಿ ಪ್ರಕಟಣೆ ಬಂತು. ಹಾಗಂತ ಎಲ್ಲೋ ದುಡ್ಡು ಕೊಟ್ಟು ಎರಡು ದಿನದಲ್ಲಿ ಅಚ್ಚು ಮಾಡಿಸಿದ್ದು ನಡೆಯುತ್ತದೆ ಅಂತಲ್ಲ. ಈಗ ಪರಿಶೀಲನಾ ಸಮಿತಿಯೇ ಪತ್ರಿಕೆ ನೋಡ್ತದೆ: ಐಎಸ್‌ಎಸ್‌ಎನ್, ಸಂಪಾದಕ ಮಂಡಳಿ, ವಿಮರ್ಶೆಯ ಕ್ರಮ. ಪಟ್ಟಿ ಇದ್ದ ಕಾಲದಲ್ಲಿ ಬಂದ ಲೇಖನವಾದರೆ ಆಗ ಪಟ್ಟಿಯಲ್ಲಿತ್ತು ಅನ್ನುವ ಪುಟದ ಪ್ರತಿ ಲಗತ್ತಿಸಿ.

ಕಾಲೇಜು ಕ್ಯಾಂಟೀನ್
ಗೆಸ್ಟ್ ಹುದ್ದೆಯ ಬಗ್ಗೆ ಯಾರೂ ಆಸೆ ಹುಟ್ಟಿಸಬೇಡಿ ಅಂತ ನನ್ನ ವಿನಂತಿ. ಯುಜಿಸಿಯ 2019ರ ದರ ಒಂದು ತರಗತಿಗೆ 1,500, ತಿಂಗಳಿಗೆ ಹೆಚ್ಚೆಂದರೆ 50,000. ಕೇಳಲಿಕ್ಕೆ ಚಂದ. ಆದರೆ ಅಷ್ಟು ಕೈಗೆ ಬರಬೇಕಾದರೆ ತಿಂಗಳಿಗೆ 34 ತರಗತಿ ಸಿಗಬೇಕು. ಓಣಂ ರಜೆ, ಪರೀಕ್ಷೆ, ಮುಷ್ಕರ ಕಳೆದರೆ ಎಷ್ಟು ಉಳೀತದೆ ಅಂತ ಕ್ಯಾಲೆಂಡರ್ ಇಟ್ಟು ನೋಡಿ.

ನೀರ್ಚಾಲು ಲೈಬ್ರರಿ
ಅನುಭವದ ಲೆಕ್ಕದಲ್ಲೂ ಒಂದು ಮುಳ್ಳು ಉಂಟು. ಮುಂದೆ ಅಸೋಸಿಯೇಟ್ ಪ್ರೊಫೆಸರ್ ಹುದ್ದೆಗೆ ಹಳೇ ತಾತ್ಕಾಲಿಕ ಸೇವೆ ಸೇರಿಸಬೇಕಾದರೆ ಆಗ ಪಡೆದ ಒಟ್ಟು ಸಂಬಳ ಖಾಯಂ ಅಸಿಸ್ಟೆಂಟ್ ಪ್ರೊಫೆಸರರ ತಿಂಗಳ ಒಟ್ಟು ಸಂಬಳಕ್ಕೆ ಕಮ್ಮಿ ಇರಬಾರದು. ಖಾಯಂ ಹುದ್ದೆಯ ಮೂಲ ವೇತನವೇ 57,700ದಿಂದ ಶುರು. 50,000ದ ಗೆಸ್ಟಿಗೆ ಆ ಬಾಗಿಲು ಮುಚ್ಚಿದ ಹಾಗೆ.

ಮುಳ್ಳೇರಿಯ ಮಳೆ
ಹಾಗಾದರೆ ಇಲ್ಲಿಯ ಸರ್ಕಾರಿ ಕಾಲೇಜುಗಳಲ್ಲಿ ಗೆಸ್ಟ್‌ಗೆ ಹಾಕುವುದೂ ಬೇಡವಾ? ಕಾಸರಗೋಡು, ಮಂಜೇಶ್ವರ ಕಾಲೇಜು ಕರೀತಾರಲ್ಲ.

ಕಾಲೇಜು ಕ್ಯಾಂಟೀನ್
ಹಾಕಿ, ಬೇಡ ಅನ್ನಲಿಲ್ಲ. ಆದರೆ ಮೊದಲು ಕೋಝಿಕ್ಕೋಡಿನ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯ ಗೆಸ್ಟ್ ಪ್ಯಾನೆಲಿನಲ್ಲಿ ನೋಂದಣಿ ಆಗಬೇಕು. ಸಂದರ್ಶನದ ದಿನ ಮೊದಲು ಕೇಳುವುದೇ ಆ ನಂಬ್ರ. ನೆಟ್ ಇದ್ದವರಿಗೆ ಆದ್ಯತೆ, ಅಂಥವರು ಯಾರೂ ಬಾರದಿದ್ದರೆ ಸ್ನಾತಕೋತ್ತರದಲ್ಲಿ ಶೇ. 55 ಇದ್ದವರನ್ನು ತೆಗೆದುಕೊಳ್ತಾರೆ. ನಿಮ್ಮದು 68, ಸಾಲಿನಲ್ಲಿ ನಿಲ್ಲಬಹುದು. ಜೂನಿನಲ್ಲಿ ಸಿಗದಿದ್ದರೂ ಯಾರಾದರೂ ಬಿಟ್ಟು ಹೋದಾಗ ನಡುವರ್ಷದಲ್ಲಿ ಕರೀತಾರೆ, ಆಗ ಸ್ಪರ್ಧೆ ಕಮ್ಮಿ.

ವರ್ಕಾಡಿ ವನಜ
ಅಧ್ಯಾಪಕ ಅಲ್ಲದ ಹುದ್ದೆಗಳ ಬಗ್ಗೆ ಯಾರಿಗಾದರೂ ಗೊತ್ತುಂಟಾ? ಕ್ಲರ್ಕು, ಲೈಬ್ರರಿ ಇಂಥದ್ದು.

ನೀರ್ಚಾಲು ಲೈಬ್ರರಿ
ಉಂಟು. ಲೈಬ್ರರಿಯಲ್ಲಿ ಅಸಿಸ್ಟೆಂಟ್ ಲೈಬ್ರೇರಿಯನ್ ಅಂದರೆ ಅಧ್ಯಾಪಕರ ಸಮಾನ, 57,700, ನೆಟ್ ಬೇಕು. ಅದರ ಕೆಳಗೆ ಪ್ರೊಫೆಷನಲ್ ಅಸಿಸ್ಟೆಂಟ್ 35,400, ಸೆಮಿ ಪ್ರೊಫೆಷನಲ್ 29,200. ಎಲ್‌ಡಿಸಿ (ಕ್ಲರ್ಕು) 19,900ರ ಮೂಲ ವೇತನ, ಟೈಪಿಂಗ್ ಇಂಗ್ಲಿಷಿನಲ್ಲಿ ನಿಮಿಷಕ್ಕೆ 35 ಶಬ್ದ ಅಥವಾ ಹಿಂದಿಯಲ್ಲಿ 30. ಕನ್ನಡ ಟೈಪಿಂಗಿಗೆ ಅಂಕ ಇಲ್ಲ. ಇದೆಲ್ಲ ಕೇಂದ್ರೀಯ ವಿಶ್ವವಿದ್ಯಾಲಯದ ಮಾತು. ಕಣ್ಣೂರಿನಂಥ ರಾಜ್ಯ ವಿಶ್ವವಿದ್ಯಾಲಯದ ಅಸಿಸ್ಟೆಂಟ್ ಹುದ್ದೆ ಬೇಕಾದರೆ ಕೇರಳ ಪಿಎಸ್‌ಸಿಯ ಒನ್ ಟೈಮ್ ರಿಜಿಸ್ಟ್ರೇಷನ್ ಮಾಡಿಟ್ಟುಕೊಳ್ಳಬೇಕು.

ಕುಂಬಳೆ ಸೀಮೆ
ಕನ್ನಡ ಬಂದರೆ ಎಲ್ಲಿಯೂ ಪ್ರಯೋಜನ ಇಲ್ಲವಾ ಹಾಗಾದರೆ?

ಬೇಳ ಬಾಟನಿ
ಫೀಲ್ಡ್ ಕೆಲಸದಲ್ಲಿ ಉಂಟು. ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು), ಬಾವಿ, ಕಾಡುಬಳ್ಳಿ, ಎಂಡೋಸಲ್ಫಾನ್, ಏನೇ ಸರ್ವೇ ಮಾಡುವುದಿದ್ದರೂ ಎಣ್ಮಕಜೆ, ಬೆಳ್ಳೂರು ಕಡೆ ಮನೆಮನೆಗೆ ಹೋಗಿ ಮಾತಾಡಬೇಕು. ಅಲ್ಲಿ ಮಲಯಾಳ ಮಾತ್ರ ಗೊತ್ತಿದ್ದವರ ಪ್ರಶ್ನಾವಳಿ ಅರ್ಧ ಖಾಲಿ ಬರ್ತದೆ. "ಕನ್ನಡ, ತುಳು ಬಲ್ಲವರಿಗೆ ಆದ್ಯತೆ" ಅಂತ ಇದ್ದರೆ ಅದು ಅಪೇಕ್ಷಣೀಯ ಅರ್ಹತೆ, ಅಗತ್ಯ ಅರ್ಹತೆ ಅಲ್ಲ. ಅಗತ್ಯದ್ದು ಇಲ್ಲದವರಿಗೆ ಅದು ಸಹಾಯ ಮಾಡದು, ಇಬ್ಬರು ಸಮ ಬಂದಾಗ ತಕ್ಕಡಿ ವಾಲಿಸ್ತದೆ. ಬಯೋಡಾಟಾದಲ್ಲಿ ಭಾಷೆಗಳನ್ನು ಕೊನೆ ಸಾಲಿನಲ್ಲಿ ಮುಚ್ಚಿಡಬೇಡಿ. ಓದು, ಬರಹ, ಮಾತು ಅಂತ ಬೇರೆ ಬೇರೆ ಬರೆಯಿರಿ. ತುಳು, ಹವ್ಯಕ, ಕರಾಡ, ಬ್ಯಾರಿ ಯಾವುದು ಬರ್ತದೋ ಅದನ್ನೂ.

ಬದಿಯಡ್ಕ ಬ್ಲಾಗಣ್ಣ
ಅರ್ಜಿ ಕಳಿಸುವ ಕ್ರಮವೂ ಇಲ್ಲೇ ಇರಲಿ. ಖಾಯಂ ಹುದ್ದೆಗೆ ಸಮರ್ಥ್ ಪೋರ್ಟಲ್ (ಆನ್‌ಲೈನ್ ಅರ್ಜಿಯ ತಾಣ). ಅಲ್ಲಿ ಶುಲ್ಕ ಕಟ್ಟಿದ ಮೇಲೆ ಕೊನೆಯ ಸಬ್ಮಿಟ್ ಬೇರೆ ಉಂಟು, ದುಡ್ಡು ಹೋಯ್ತು ಅಂದರೆ ಅರ್ಜಿಯೂ ಹೋಯ್ತು ಅಂತ ತಿಳಿದು ಲ್ಯಾಪ್‌ಟಾಪ್ ಮುಚ್ಚುವವರು ಬಹಳ. ಅರ್ಜಿಯ ನಂಬ್ರದ ಜೊತೆ "ಸಬ್ಮಿಟೆಡ್" ಅಂತ ಕಾಣುವವರೆಗೆ ಏಳಬೇಡಿ. ಪ್ರಿಂಟ್ ಪ್ರತಿ ಅಂಚೆಯಲ್ಲಿ ಕೇಳಿದ್ದರೆ ಅದಕ್ಕೆ ಬೇರೆ ಕೊನೇ ದಿನ ಇರ್ತದೆ.

ಪ್ರಾಜೆಕ್ಟ್ ಹುದ್ದೆಗೆ ಸಾಮಾನ್ಯವಾಗಿ ಇಮೇಲ್, ಎಲ್ಲ ಸೇರಿ ಒಂದೇ ಪಿಡಿಎಫ್. ಮೊದಲ ಪುಟ ಅರ್ಜಿ, ಆಮೇಲೆ ಎಸ್‌ಎಸ್‌ಎಲ್‌ಸಿಯಿಂದ ಕ್ರಮವಾಗಿ. ಹನ್ನೆರಡು ಬೇರೆ ಬೇರೆ ಫೋಟೋ ಅಟ್ಯಾಚ್ ಮಾಡಿದರೆ ತೆರೆದು ನೋಡುವ ತಾಳ್ಮೆ ಯಾರಿಗೂ ಇಲ್ಲ. ಸಿಜಿಪಿಎ ಇದ್ದರೆ ಅಂಕಪಟ್ಟಿಯ ಹಿಂದಿನ ಪುಟದ ಪರಿವರ್ತನಾ ಸೂತ್ರವನ್ನೂ ಸ್ಕ್ಯಾನ್ ಮಾಡಿ. ಎಲ್ಲದಕ್ಕೂ 9.5ರಿಂದ ಗುಣಿಸುವುದು ಸಿಬಿಎಸ್‌ಇಯ ಹಳೇ ಪದ್ಧತಿ, ವಿಶ್ವವಿದ್ಯಾಲಯಕ್ಕೆ ಅನ್ವಯಿಸದು.

ಪಿಲಿಕೋಡು
ಅರ್ಹತೆ ಲೆಕ್ಕ ಹಾಕುವುದು ಅರ್ಜಿಯ ಕೊನೇ ದಿನಕ್ಕೆ. "ಫಲಿತಾಂಶ ಮುಂದಿನ ವಾರ ಬರ್ತದೆ ಸರ್" ಅಂದರೆ ಆಗುವುದಿಲ್ಲ.

ಕೂಡ್ಲು ತೆಂಗು
ಸಂಬಳದ ಒಂದು ವಿಷಯ. ಪ್ರಾಜೆಕ್ಟ್ ಹಣ ಕಂತಿನಲ್ಲಿ ಬರುವುದು. ಮಾರ್ಚ್ ಮುಗಿದ ಮೇಲೆ ಖರ್ಚಿನ ಪ್ರಮಾಣಪತ್ರ ಹೋಗಿ ಮುಂದಿನ ಕಂತು ಬರುವವರೆಗೆ ಏಪ್ರಿಲ್, ಮೇ ಸಂಬಳ ತಡ ಆಗುವುದು ಎಲ್ಲ ಕಡೆ ಇದ್ದದ್ದೇ. ಬಾಡಿಗೆ ಮನೆ ಮಾಡುವವರು ಎರಡು ತಿಂಗಳ ದುಡ್ಡು ಕೈಯಲ್ಲಿಟ್ಟುಕೊಂಡೇ ಸೇರಿ.

ಮುಳ್ಳೇರಿಯ ಮಳೆ
ತುಂಬ ಉಪಕಾರ ಎಲ್ಲರಿಗೂ. ಪ್ರಾಜೆಕ್ಟ್ ಅಸೋಸಿಯೇಟ್ ಮತ್ತು ಯಂಗ್ ಪ್ರೊಫೆಷನಲ್-2 ಎರಡಕ್ಕೂ ಹಾಕ್ತೇನೆ. ತಹಶೀಲ್ದಾರರ ಸರ್ಟಿಫಿಕೇಟಿಗೆ ನಾಳೆಯೇ ಅಕ್ಷಯಕ್ಕೆ. ಕೊನೇ ಪ್ರಶ್ನೆ: ಪೆರಿಯದಲ್ಲಿ ವಾಕ್-ಇನ್ (ನೇರ ಸಂದರ್ಶನ) ಇದ್ದರೆ ಬೆಳಿಗ್ಗೆ ಕಾಸರಗೋಡಿನಿಂದ ಯಾವ ಬಸ್ಸು?

ಚೆರ್ಕಳ ಸರ್ಕಲ್
ಇದು ನನ್ನ ಸಬ್ಜೆಕ್ಟು. ಕಾಸರಗೋಡಿನಿಂದ ಕಾಞಂಗಾಡಿಗೆ ದಾರಿ ಎರಡು. ಚಂದ್ರಗಿರಿ ಸೇತುವೆ ದಾಟಿ ಉದುಮ, ಬೇಕಲ ಮೇಲೆ ಹೋಗುವ ಬಸ್ಸು ಪೆರಿಯಕ್ಕೆ ಬರುವುದೇ ಇಲ್ಲ. ಬೋರ್ಡಿನಲ್ಲಿ ಬರೀ ಕಾಞಂಗಾಡು ಅಂತ ನೋಡಿ ಹತ್ತಿದರೆ ಸಮುದ್ರ ನೋಡಿಕೊಂಡು ವಾಪಸ್ ಬರಬಹುದು. ಚೆರ್ಕಳ, ಚಟ್ಟಂಚಾಲ್, ಪೊಯಿನಾಚಿ ಮೇಲೆ ಹೈವೇಯಲ್ಲಿ ಹೋಗುವ ಬಸ್ಸೇ ಹತ್ತಬೇಕು. ನೀವು ಮುಳ್ಳೇರಿಯದಿಂದ ಬರುವವರಾದರೆ ಕಾಸರಗೋಡು ಪೇಟೆಗೆ ಹೋಗುವ ಕೆಲಸವೇ ಇಲ್ಲ, ಚೆರ್ಕಳದಲ್ಲಿ ಇಳಿದು ಬಸ್ಸು ಬದಲಾಯಿಸಿ.

ಬೇಳ ಬಾಟನಿ
ವಾಕ್-ಇನ್‌ಗೆ ಹೋಗಿ ಬರುವ ಖರ್ಚು ಯಾರೂ ಕೊಡುವುದಿಲ್ಲ. ಮೂಲ ದಾಖಲೆ ಎಲ್ಲ, ಸ್ವಯಂ ದೃಢೀಕರಿಸಿದ ಒಂದು ಸೆಟ್ ಪ್ರತಿ, ಎರಡು ಫೋಟೋ. ಆ ಪ್ರಾಜೆಕ್ಟಿನ ಮುಖ್ಯಸ್ಥರ ಕಳೆದ ಎರಡು ಲೇಖನ ಓದಿಕೊಂಡು ಹೋಗಿ, ಅದರಲ್ಲಿ ಬಳಸಿದ ವಿಧಾನದ ಮೇಲೆಯೇ ಕೇಳ್ತಾರೆ: ಡಿಎನ್‌ಎ ಹೇಗೆ ತೆಗೀತೀರಿ, ಹರ್ಬೇರಿಯಂ (ಒಣಗಿಸಿದ ಗಿಡದ ಮಾದರಿ) ಹಾಳೆಗೆ ಏನೆಲ್ಲ ಬರೀತೀರಿ, ಕ್ವಾಡ್ರಾಟ್ (ಗಿಡ ಎಣಿಸಲಿಕ್ಕೆ ನೆಲದಲ್ಲಿ ಗುರುತಿಸುವ ಚೌಕ) ಎಷ್ಟು ದೊಡ್ಡದು ಹಾಕ್ತೀರಿ, ಯಾಕೆ.

ಮುಳ್ಳೇರಿಯ ಮಳೆ
ಮರಗಳಿಗೆ 10 ಗುಣಿಲೆ 10 ಮೀಟರ್, ಪೊದೆಗೆ 5 ಗುಣಿಲೆ 5, ಹುಲ್ಲು ಗಿಡಕ್ಕೆ 1 ಗುಣಿಲೆ 1. ಸರಿಯಾ?

ಬೇಳ ಬಾಟನಿ
ಸರಿ. "ಯಾಕೆ" ಅನ್ನುವುದನ್ನೂ ಸಿದ್ಧ ಮಾಡಿಕೊಳ್ಳಿ.